54 ಗೋಲ್ ಹೊಡೆದವನೇ ಅಗ್ಗ ಯಾಕೆ? ಎಳೆಯ ಸ್ಟ್ರೈಕರ್‌ಗಳನ್ನು ಕ್ಲಬ್‌ಗಳು ಅಳೆಯೋ ಬಗೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೋದಲ್ಲೋ ಕಂಪನಿ ಬಸ್ಸಲ್ಲೋ ಓದ್ಕೊಂಡು ಹೋಗ್ತೀವಿ ಅನ್ನೋರಿಗಾಗಿ ಈ ವಾರದ ಮಾತು ಬರಹದಲ್ಲಿ ಇಲ್ಲಿದೆ. ಮಾತಲ್ಲಿ ಹೇಳಿದ್ದನ್ನು ಸ್ವಲ್ಪ ಒಪ್ಪ ಮಾಡಿದ್ದೀನಿ, ಲೆಕ್ಕಗಳನ್ನು ಬಿಡಿಸಿ ಬರೆದಿದ್ದೀನಿ. ಬೇರೇನೂ ಬದಲಾಗಿಲ್ಲ.

2025ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಮೂರು ದೊಡ್ಡ ಕ್ಲಬ್‌ಗಳು ಹೊಸ ಸ್ಟ್ರೈಕರ್ ಹುಡುಕಾಟದಲ್ಲಿದ್ದವು. ಆರ್ಸೆನಲ್ ವಿಕ್ಟರ್ ಯೋಕೆರೆಸ್‌ನನ್ನು ತಗೊಂಡಿತು. ಲಿವರ್‌ಪೂಲ್ ಹ್ಯೂಗೋ ಎಕಿಟಿಕೆಯನ್ನು. ಮ್ಯಾಂಚೆಸ್ಟರ್ ಯುನೈಟೆಡ್ ಬೆಂಜಮಿನ್ ಶೆಷ್ಕೋನನ್ನು. ಮೂವರ ಹಿಂದಿನ ಸೀಸನ್ ಲೆಕ್ಕ ಮತ್ತು ಸುದ್ದಿಯಲ್ಲಿ ಬಂದ ಬೆಲೆ ಹೀಗಿದೆ. ಮುಂದೆ ಸೇರಬಹುದಾದ ಬೋನಸ್ ಮೊತ್ತ ಬಿಟ್ಟು ಹೇಳ್ತಿದ್ದೀನಿ.

ಯೋಕೆರೆಸ್: ಸ್ವೀಡನ್, ವಯಸ್ಸು 27. ಸ್ಪೋರ್ಟಿಂಗ್ ಲಿಸ್ಬನ್ ಪರ 52 ಪಂದ್ಯ, 54 ಗೋಲ್. ಬೆಲೆ 63.5 ಮಿಲಿಯನ್ ಯೂರೋ.

ಎಕಿಟಿಕೆ: ಫ್ರಾನ್ಸ್, ವಯಸ್ಸು 23. ಐಂಟ್ರಾಖ್ಟ್ ಫ್ರಾಂಕ್‌ಫರ್ಟ್ ಪರ 48 ಪಂದ್ಯ, 22 ಗೋಲ್. ಬೆಲೆ ಸುಮಾರು 80 ಮಿಲಿಯನ್ ಯೂರೋ.

ಶೆಷ್ಕೋ: ಸ್ಲೊವೇನಿಯಾ, ವಯಸ್ಸು 22. ಆರ್‌ಬಿ ಲೈಪ್ಸಿಗ್ ಪರ 45 ಪಂದ್ಯ, 21 ಗೋಲ್. ಬೆಲೆ 76.5 ಮಿಲಿಯನ್ ಯೂರೋ.

ಆಗ ಒಂದು ಯೂರೋಗೆ ಸುಮಾರು ನೂರು ರೂಪಾಯಿ. ಹಾಗಾಗಿ ಲೆಕ್ಕ ಸುಲಭ, ಒಂದು ಮಿಲಿಯನ್ ಯೂರೋ ಅಂದ್ರೆ ಹೆಚ್ಚೂಕಡಿಮೆ ಹತ್ತು ಕೋಟಿ ರೂಪಾಯಿ. ಈಗ ಮೂರು ಸಾಲನ್ನೂ ಇನ್ನೊಮ್ಮೆ ನೋಡಿ. ಉಳಿದಿಬ್ಬರಿಗಿಂತ ಎರಡು ಪಟ್ಟಿಗೂ ಹೆಚ್ಚು ಗೋಲ್ ಹೊಡೆದವನು ಮೂವರಲ್ಲಿ ಎಲ್ಲರಿಗಿಂತ ಅಗ್ಗ! ನಮ್ಮ ಪುಣೆ ಹುಡುಗರ ವಾಟ್ಸಾಪ್ ಗುಂಪಲ್ಲಿ ಆ ಬೇಸಿಗೆ ಪೂರ್ತಿ ಇದೇ ಜಗಳ. "ಯುನೈಟೆಡ್‌ನವರಿಗೆ ಕಣ್ಣು ಕಾಣಲ್ವಾ? 54 ದೊಡ್ಡದಾ 21 ದೊಡ್ಡದಾ?" ಅಂತ ಒಬ್ಬ. "ಪೋರ್ಚುಗಲ್ ಲೀಗ್‌ನಲ್ಲಿ ಯಾರು ಬೇಕಾದ್ರೂ ಹೊಡೀತಾರೆ" ಅಂತ ಇನ್ನೊಬ್ಬ. ಇಬ್ಬರ ಮಾತಲ್ಲೂ ಅರ್ಧ ನಿಜ ಇದೆ. ಉಳಿದ ಅರ್ಧ ಎಲ್ಲಿದೆ ಅಂತ ಹುಡುಕೋದೇ ಇವತ್ತಿನ ಕೆಲಸ.

ನಾನು ಹೇಳಬೇಕಾದ್ದು ಇಷ್ಟೇ: ಕ್ಲಬ್ ಕೊಂಡುಕೊಳ್ಳೋದು ಹೋದ ವರ್ಷದ ಗೋಲ್‌ಗಳನ್ನಲ್ಲ, ಮುಂದಿನ ಐದು ವರ್ಷದ ಗೋಲ್‌ಗಳನ್ನು. ಹೋದ ವರ್ಷದ ಗೋಲ್ ಬರೀ ಸಾಕ್ಷಿ. ಸಾಕ್ಷಿ ಎಷ್ಟು ಗಟ್ಟಿ ಅಂತ ನೋಡೋಕೆ ಐದು ಪರೀಕ್ಷೆ ಇವೆ. ಒಂದೊಂದಾಗಿ ಬನ್ನಿ.

ಮೊದಲನೇ ಪರೀಕ್ಷೆ: ಪೆನಾಲ್ಟಿ ಕಳೆಯಿರಿ, ನಿಮಿಷ ಎಣಿಸಿ

ಕ್ರಿಕೆಟ್‌ನಲ್ಲಿ ನಾವು ಬರೀ ರನ್ ನೋಡಲ್ಲ. ಎಷ್ಟು ಬಾಲ್‌ನಲ್ಲಿ, ಯಾವ ಕ್ರಮಾಂಕದಲ್ಲಿ, ಯಾವ ಪಿಚ್‌ನಲ್ಲಿ ಅಂತ ಕೇಳ್ತೀವಿ. ಫುಟ್‌ಬಾಲ್‌ಗೆ ಬಂದ ಕೂಡಲೇ ಅದೆಲ್ಲ ಮರೆತು "ಎಷ್ಟು ಗೋಲ್?" ಅಂತ ಮಾತ್ರ ಕೇಳ್ತೀವಿ.

ಯೋಕೆರೆಸ್ 2024-25ರ ಪೋರ್ಚುಗಲ್ ಲೀಗ್‌ನಲ್ಲಿ 33 ಪಂದ್ಯಕ್ಕೆ 39 ಗೋಲ್ ಹೊಡೆದ. ಅದರಲ್ಲಿ 12 ಪೆನಾಲ್ಟಿ. ಪೆನಾಲ್ಟಿ ಹೊಡೆಯೋಕೆ ಗುಂಡಿಗೆ ಬೇಕು, ನಿಜ. ಆದ್ರೆ ವೃತ್ತಿಪರ ಆಟಗಾರರು ಹತ್ತರಲ್ಲಿ ಏಳೆಂಟು ಪೆನಾಲ್ಟಿಯನ್ನು ಗೋಲ್ ಮಾಡೇ ಮಾಡ್ತಾರೆ. ಹೊಸ ಕ್ಲಬ್‌ನಲ್ಲಿ ಆ ಕೆಲಸ ಬೇರೆಯವರ ಕೈಲಿದ್ರೆ ಈ 12 ಗೋಲ್ ಜೊತೆಗೆ ಬರೋದೇ ಇಲ್ಲ. ಆರ್ಸೆನಲ್‌ನಲ್ಲಿ ಬುಕಾಯೋ ಸಾಕಾ ಮೊದಲಿಂದಲೂ ಪೆನಾಲ್ಟಿ ಹೊಡೀತಿದ್ದ. ಹಾಗಾಗಿ 39 ಅನ್ನೋದನ್ನು 27 ಅಂತ ಓದ್ಕೊಳ್ಳಿ. 27 ಕೂಡ ಸಣ್ಣ ಸಂಖ್ಯೆ ಅಲ್ಲ, ಆದ್ರೆ 39 ಅಲ್ಲ.

ಎರಡನೇದು ನಿಮಿಷ. ಹತ್ತು ಗೋಲ್ ಹೊಡೆದ ಇಬ್ಬರಲ್ಲಿ ಒಬ್ಬ 900 ನಿಮಿಷ ಆಡಿದ್ರೆ, ಇನ್ನೊಬ್ಬ 2700 ನಿಮಿಷ ಆಡಿದ್ರೆ, ಮೊದಲನೆಯವನು ಪಂದ್ಯಕ್ಕೆ ಒಂದು, ಎರಡನೆಯವನು ಮೂರು ಪಂದ್ಯಕ್ಕೆ ಒಂದು. ಅದಕ್ಕೇ ಕ್ಲಬ್‌ನ ಡೇಟಾ ವಿಭಾಗದವರು ಎಲ್ಲವನ್ನೂ "90 ನಿಮಿಷಕ್ಕೆ ಇಷ್ಟು" ಅಂತ ಬರೀತಾರೆ. ಎಳೆಯ ಆಟಗಾರರ ವಿಷಯದಲ್ಲಿ ಇದು ಇನ್ನೂ ಮುಖ್ಯ, ಯಾಕಂದ್ರೆ ಅವರು ಸಾಮಾನ್ಯವಾಗಿ 60ನೇ ನಿಮಿಷಕ್ಕೆ ಹೊರಗೆ ಹೋಗ್ತಾರೆ, ಇಲ್ಲ 70ಕ್ಕೆ ಒಳಗೆ ಬರ್ತಾರೆ.

ಒಂದು ಎಚ್ಚರಿಕೆ. ಕಡೇ 20 ನಿಮಿಷಕ್ಕೆ ಬಂದವನ ಎದುರು ಇರೋದು ಸುಸ್ತಾದ ಡಿಫೆಂಡರ್‌ಗಳು. ಅವನ 90 ನಿಮಿಷದ ಲೆಕ್ಕ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತೆ. ಹಾಗಾಗಿ ಮೊದಲ ಹನ್ನೊಂದರಲ್ಲಿ ಎಷ್ಟು ಸಲ ಇದ್ದ ಅಂತಲೂ ನೋಡಬೇಕು.

ಎರಡನೇ ಪರೀಕ್ಷೆ: ಗೋಲ್ ಅಲ್ಲ, ಅವಕಾಶ

ಇಲ್ಲಿ ಎಕ್ಸ್‌ಜಿ ಅನ್ನೋ ಪದ ಬರುತ್ತೆ. ಟಿವಿ ಪರದೆ ಮೇಲೆ ನೋಡಿರ್ತೀರಿ. ಹಿಂದೆ ಹೊಡೆದ ಸಾವಿರಾರು ಶಾಟ್‌ಗಳ ದಾಖಲೆ ಇಟ್ಕೊಂಡು, ಈ ಜಾಗದಿಂದ, ಈ ಕೋನದಿಂದ, ಹೀಗೆ ಬಂದ ಚೆಂಡನ್ನು ಹೊಡೆದ್ರೆ ನೂರರಲ್ಲಿ ಎಷ್ಟು ಸಲ ಗೋಲ್ ಆಗುತ್ತೆ ಅಂತ ಲೆಕ್ಕ ಹಾಕ್ತಾರೆ. ಪೆನಾಲ್ಟಿಗೆ ಸುಮಾರು 0.78. ದೂರದಿಂದ ಹೊಡೆದ ಶಾಟ್‌ಗೆ 0.03, 0.04 ಹೀಗೆ. ಒಬ್ಬ ಆಟಗಾರನ ಎಲ್ಲ ಶಾಟ್‌ಗಳ ಬೆಲೆ ಕೂಡಿಸಿದ್ರೆ, ಸಾಮಾನ್ಯ ಆಟಗಾರನೊಬ್ಬ ಅವೇ ಅವಕಾಶಗಳಲ್ಲಿ ಎಷ್ಟು ಗೋಲ್ ಹೊಡೀತಿದ್ದ ಅನ್ನೋದು ಸಿಗುತ್ತೆ.

ಈಗ ಎಕಿಟಿಕೆ ಕಥೆ ಕೇಳಿ. 2024-25ರ ಬುಂಡೆಸ್‌ಲಿಗಾದಲ್ಲಿ ಅವನ ಎಕ್ಸ್‌ಜಿ 21ರ ಆಸುಪಾಸು. ಹೊಡೆದದ್ದು 15. ಅಂದ್ರೆ ಆರು ಗೋಲ್ ಕೈಬಿಟ್ಟ. ಸ್ಟೇಡಿಯಂನಲ್ಲಿ ಕೂತವರಿಗೆ ಇದು "ಅಯ್ಯೋ, ಮತ್ತೆ ಹಾಳು ಮಾಡಿದ" ಅಂತ ಕಾಣುತ್ತೆ. ಅಂಥವನಿಗೆ 800 ಕೋಟಿ ಯಾಕೆ?

ಉತ್ತರ ಇದು. ಚೆಂಡನ್ನು ಬಲೆಗೆ ಸೇರಿಸೋದರಲ್ಲಿ ಏರುಪೇರು ಜಾಸ್ತಿ. ಈ ವರ್ಷ ಕಂಬಕ್ಕೆ ತಾಗಿದ್ದು ಮುಂದಿನ ವರ್ಷ ಒಳಗೆ ಹೋಗುತ್ತೆ. ಆದ್ರೆ ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಬಂದು ನಿಲ್ಲೋದು, ಡಿಫೆಂಡರ್ ಹಿಂದಿನಿಂದ ಜಾರಿ ಮುಂದೆ ಬರೋದು, ಪಂದ್ಯಕ್ಕೆ ಮೂರು ನಾಲ್ಕು ಶಾಟ್ ಹುಟ್ಟಿಸೋದು, ಇವು ವರ್ಷದಿಂದ ವರ್ಷಕ್ಕೆ ಹೆಚ್ಚು ಸ್ಥಿರವಾಗಿ ಉಳಿಯೋ ಗುಣಗಳು. ಎಕಿಟಿಕೆ 15 ಗೋಲ್ ಜೊತೆಗೆ 8 ಅಸಿಸ್ಟ್ ಕೊಟ್ಟಿದ್ದ. ಲಿವರ್‌ಪೂಲ್ ದುಡ್ಡು ಹಾಕಿದ್ದು ಆ ಕೈಬಿಟ್ಟ ಆರು ಗೋಲ್‌ಗಳ ಮೇಲೆ ಅಂದ್ರೂ ತಪ್ಪಿಲ್ಲ.

ಹಾಗಂತ ಎಕ್ಸ್‌ಜಿ ದೇವರ ವಾಕ್ಯ ಅಲ್ಲ. ಅದೇ ಲಿವರ್‌ಪೂಲ್ 2022ರಲ್ಲಿ ಬೆನ್ಫಿಕಾದಿಂದ ಡಾರ್ವಿನ್ ನೂನ್ಯೆಸ್‌ನನ್ನು 75 ಮಿಲಿಯನ್ ಯೂರೋ ಕೊಟ್ಟು ತಂದಿತ್ತು. ಅವನಿಗೂ ಅವಕಾಶ ಹುಟ್ಟಿಸೋದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಲೀಗ್‌ನಲ್ಲಿ ಹೊಡೆದದ್ದು ಮೊದಲ ವರ್ಷ 9, ಎರಡನೇ ವರ್ಷ 11, ಮೂರನೇ ವರ್ಷ 5. ನಾಲ್ಕನೇ ವರ್ಷಕ್ಕೆ ಸೌದಿಯ ಅಲ್ ಹಿಲಾಲ್‌ಗೆ ಹೋದ. ಒಂದು ಸೀಸನ್ ಕೈತಪ್ಪಿದ್ರೆ ಅದೃಷ್ಟ ಅನ್ನಿ, ಮೂರು ಸೀಸನ್ ಕೈತಪ್ಪಿದ್ರೆ ಅದು ಆ ಆಟಗಾರನ ಸ್ವಭಾವ.

ಶೆಷ್ಕೋ ಇವರಿಬ್ಬರಿಗಿಂತ ಬೇರೆ ಥರ. ಆರಡಿ ಐದಿಂಚು ಎತ್ತರ, ಎರಡೂ ಕಾಲಲ್ಲಿ ಬಲವಾದ ಹೊಡೆತ, ಬಾಕ್ಸ್ ಹೊರಗಿಂದಲೂ ಗೋಲ್. ಬುಂಡೆಸ್‌ಲಿಗಾದಲ್ಲಿ 2023-24ಕ್ಕೆ 14, 2024-25ಕ್ಕೆ 13. ಮುಖ್ಯಾಂಶದ ವಿಡಿಯೋ ನೋಡಿದ್ರೆ ಮೈ ಜುಂ ಅನ್ನುತ್ತೆ. ಅಲ್ಲೇ ಅಪಾಯ ಇರೋದು. ದೂರದ ಹೊಡೆತದ ಗೋಲ್ ನೋಡೋಕೆ ಚೆಂದ, ಪ್ರತಿ ವರ್ಷ ಅಷ್ಟೇ ಸಿಗುತ್ತೆ ಅನ್ನೋ ಭರವಸೆ ಕಮ್ಮಿ. ಅವನು ಬೆಳೆಯಬೇಕಾದ್ದು ಗೋಲ್ ಹತ್ತಿರದ, ನೋಡೋಕೆ ಏನೂ ಇಲ್ಲದ, ಆರು ಗಜದ ಗೋಲ್‌ಗಳಲ್ಲಿ.

ಮೂರನೇ ಪರೀಕ್ಷೆ: ಯಾವ ಊರಿನ ಗೋಲ್?

ಗುಂಪಲ್ಲಿ "ಪೋರ್ಚುಗಲ್‌ನಲ್ಲಿ ಯಾರು ಬೇಕಾದ್ರೂ ಹೊಡೀತಾರೆ" ಅಂದ ಗೆಳೆಯನ ವಾದಕ್ಕೆ ಒಂದು ಇತಿಹಾಸವಿದೆ. ಆದ್ರೆ ಆ ಇತಿಹಾಸಕ್ಕೆ ಎರಡು ಮುಖ.

ಡಚ್ ಲೀಗ್ ತಗೊಳ್ಳಿ. ಬ್ರೆಜಿಲ್‌ನ ಅಫೊನ್ಸೊ ಆಲ್ವೆಸ್ 2006-07ರಲ್ಲಿ ಹೀರನ್‌ವೀನ್ ಪರ 31 ಪಂದ್ಯಕ್ಕೆ 34 ಗೋಲ್ ಹೊಡೆದ. 2008ರ ಜನವರಿಯಲ್ಲಿ ಮಿಡಲ್ಸ್‌ಬರೋ ಅವನನ್ನು ತಂದಿತು. ಪ್ರೀಮಿಯರ್ ಲೀಗ್‌ನಲ್ಲಿ 42 ಪಂದ್ಯಕ್ಕೆ 10 ಗೋಲ್. 2009ರಲ್ಲಿ ಕ್ಲಬ್ ಕೆಳಗಿನ ಲೀಗ್‌ಗೆ ಬಿತ್ತು. ಸರ್ಬಿಯಾದ ಮಟೇಯಾ ಕೆಜ್‌ಮನ್ 2002-03ರಲ್ಲಿ ಪಿಎಸ್‌ವಿ ಪರ 33 ಪಂದ್ಯಕ್ಕೆ 35. 2004ರಲ್ಲಿ ಚೆಲ್ಸಿಗೆ ಬಂದು ಲೀಗ್‌ನಲ್ಲಿ ಹೊಡೆದದ್ದು ಬರೀ 4. ಇಷ್ಟು ನೋಡಿ "ಡಚ್ ಗೋಲ್ ನಂಬಬೇಡಿ" ಅಂತ ನೀವು ತೀರ್ಮಾನ ಮಾಡಿದ್ರಿ ಅಂತಿಟ್ಕೊಳ್ಳಿ. ಮುಂದೆ ಬರೋನು ಲೂಯಿಸ್ ಸುವಾರೆಸ್. 2009-10ರಲ್ಲಿ ಅಯಾಕ್ಸ್ ಪರ 33 ಪಂದ್ಯಕ್ಕೆ 35, ಅಚ್ಚುಕಟ್ಟಾಗಿ ಕೆಜ್‌ಮನ್‌ನದ್ದೇ ಸಂಖ್ಯೆ. 2013-14ರಲ್ಲಿ ಲಿವರ್‌ಪೂಲ್ ಪರ ಪ್ರೀಮಿಯರ್ ಲೀಗ್‌ನಲ್ಲಿ 33 ಪಂದ್ಯಕ್ಕೆ 31.

ಒಂದೇ ಲೀಗ್, ಒಂದೇ ಸಂಖ್ಯೆ, ತದ್ವಿರುದ್ಧ ಫಲ. ಜರ್ಮನಿಯಲ್ಲೂ ಅಷ್ಟೇ. ಟಿಮೋ ವೆರ್ನರ್ 2019-20ರಲ್ಲಿ 28 ಗೋಲ್ ಹೊಡೆದು ಚೆಲ್ಸಿಗೆ ಬಂದ, ಮೊದಲ ಲೀಗ್ ಸೀಸನ್‌ನಲ್ಲಿ 6. ಅರ್ಲಿಂಗ್ ಹಾಲಂಡ್ ಡಾರ್ಟ್‌ಮಂಡ್‌ನಲ್ಲಿ 22 ಹೊಡೆದು ಮ್ಯಾಂಚೆಸ್ಟರ್ ಸಿಟಿಗೆ ಬಂದ, ಮೊದಲ ಲೀಗ್ ಸೀಸನ್‌ನಲ್ಲಿ 36!

ಹಾಗಾದ್ರೆ ಲೀಗ್ ನೋಡಿ ಏನು ಮಾಡಬೇಕು? ಸಂಬಳದಲ್ಲಿ ಟಿಡಿಎಸ್ ಕಳೆದ ಹಾಗೆ ಒಂದಿಷ್ಟು ಕಳೆಯಿರಿ, ಸರಿ. ಆದ್ರೆ ಅಲ್ಲಿಗೆ ನಿಲ್ಲಿಸಬೇಡಿ. ಆ ಗೋಲ್ ಹೇಗೆ ಬಂತು ಅಂತ ನೋಡಿ. ವೆರ್ನರ್ ಲೈಪ್ಸಿಗ್‌ನಲ್ಲಿ ಮುಂದೆ ತೆರೆದ ಮೈದಾನ ಸಿಕ್ಕಾಗ ಓಡಿ ಹೊಡೀತಿದ್ದ. ಚೆಲ್ಸಿ ಎದುರು ತಂಡಗಳು ಗೋಲ್ ಮುಂದೆ ಹತ್ತು ಜನ ನಿಲ್ಲಿಸಿದಾಗ ಓಡೋಕೆ ಜಾಗವೇ ಇರಲಿಲ್ಲ. ಸುವಾರೆಸ್‌ಗೆ ಜಾಗ ಬೇಕಿರಲಿಲ್ಲ, ಮೂರು ಜನರ ನಡುವೆಯೇ ಜಾಗ ಮಾಡ್ಕೊಳ್ತಿದ್ದ. ಹಾಲಂಡ್‌ನ ಗೋಲ್‌ಗಳಲ್ಲಿ ಬಹುಪಾಲು ಬಾಕ್ಸ್ ಒಳಗಿನ ಒಂದೇ ಸ್ಪರ್ಶದವು. ಅಂಥವು ಯಾವ ಲೀಗ್‌ನಲ್ಲೂ ನಡೀತವೆ.

ಯೋಕೆರೆಸ್ ಪರವಾಗಿ ಇಲ್ಲಿ ಎರಡು ಮಾತು ಹೇಳಲೇಬೇಕು. ಅವನು ಪೋರ್ಚುಗಲ್‌ಗೆ ಹೋಗೋ ಮುಂಚೆ ಇಂಗ್ಲೆಂಡಿನ ಎರಡನೇ ದರ್ಜೆಯ ಚಾಂಪಿಯನ್‌ಶಿಪ್‌ನಲ್ಲಿ, ಕೊವೆಂಟ್ರಿ ಪರ, 2022-23ಕ್ಕೆ 21 ಗೋಲ್ ಹೊಡೆದವನು. ಮೈ ಮೇಲೆ ಬೀಳೋ ಡಿಫೆಂಡರ್‌ಗಳ ಪರಿಚಯ ಅವನಿಗೆ ಹೊಸದಲ್ಲ. 2024ರ ನವೆಂಬರ್‌ನಲ್ಲಿ ಚಾಂಪಿಯನ್ಸ್ ಲೀಗ್‌ನಲ್ಲಿ ಸ್ಪೋರ್ಟಿಂಗ್ ಮ್ಯಾಂಚೆಸ್ಟರ್ ಸಿಟಿಯನ್ನು 4-1ರಿಂದ ಸೋಲಿಸಿದಾಗ ಮೂರು ಗೋಲ್ ಅವನದ್ದೇ. ಅದರಲ್ಲಿ ಎರಡು ಪೆನಾಲ್ಟಿ ಅನ್ನೋದನ್ನೂ ಮರೀಬೇಡಿ, ಮೊದಲನೇ ಪರೀಕ್ಷೆ ಇಲ್ಲೂ ಅನ್ವಯಿಸುತ್ತೆ.

ನಾಲ್ಕನೇ ಪರೀಕ್ಷೆ: ವಯಸ್ಸು ಮತ್ತು ಲೆಕ್ಕದ ಪುಸ್ತಕ

ಬೆಲೆಯ ಒಗಟು ಬಿಡಿಸೋ ಕೀಲಿ ಇಲ್ಲಿದೆ. ಕ್ಲಬ್‌ನ ಲೆಕ್ಕದ ಪುಸ್ತಕದಲ್ಲಿ ಆಟಗಾರ ಅಂದ್ರೆ ನಿಮ್ಮ ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಇದ್ದ ಹಾಗೆ. ಕೊಂಡ ದುಡ್ಡನ್ನು ಒಂದೇ ವರ್ಷ ಖರ್ಚು ಅಂತ ತೋರಿಸಲ್ಲ, ಒಪ್ಪಂದದ ವರ್ಷಗಳಿಗೆ ಹಂಚ್ತಾರೆ. ಚೆಲ್ಸಿ ಏಳೆಂಟು ವರ್ಷದ ಒಪ್ಪಂದ ಮಾಡಿ ಹಂಚೋಕೆ ಶುರು ಮಾಡಿದ ಮೇಲೆ, 2023ರ ಡಿಸೆಂಬರ್‌ನಿಂದ ಪ್ರೀಮಿಯರ್ ಲೀಗ್ ಹೊಸ ಒಪ್ಪಂದಗಳಿಗೆ ಹೆಚ್ಚೆಂದ್ರೆ ಐದು ವರ್ಷ ಅಂತ ಮಿತಿ ಹಾಕಿತು.

ಶೆಷ್ಕೋನ 76.5 ಮಿಲಿಯನ್ ಐದು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 15.3. ಮೂರು ವರ್ಷ ಆದಮೇಲೆ ಪುಸ್ತಕದಲ್ಲಿ ಉಳಿಯೋ ಬೆಲೆ 30.6. ಆಗ ಅವನಿಗೆ 25 ವರ್ಷ. ಸಾಧಾರಣವಾಗಿ ಆಡಿದ್ರೂ 30 ಮಿಲಿಯನ್ ಕೊಡೋರು ಯಾರೋ ಒಬ್ರು ಸಿಗಬಹುದು. ಚೆನ್ನಾಗಿ ಆಡಿದ್ರೆ 100 ಕೇಳಬಹುದು. ಯೋಕೆರೆಸ್‌ನ ಒಪ್ಪಂದ ಮುಗಿಯೋ ಹೊತ್ತಿಗೆ ಅವನಿಗೆ 32. ಅವನನ್ನು ಮಾರಿ ದುಡ್ಡು ವಾಪಸ್ ಪಡೆಯೋ ಆಸೆ ಆರ್ಸೆನಲ್ ಇಟ್ಕೊಳ್ಳೋ ಹಾಗಿಲ್ಲ. ಅವನ ಬೆಲೆಯಲ್ಲಿ ಇರೋದು ಗೋಲ್ ಮಾತ್ರ. ಎಳೆಯರ ಬೆಲೆಯಲ್ಲಿ ಗೋಲ್ ಜೊತೆಗೆ ಮರುಮಾರಾಟದ ಆಸೆಯೂ ಸೇರಿದೆ. 54 ಗೋಲ್‌ನವನು ಅಗ್ಗವಾಗಿ, 21 ಗೋಲ್‌ನವನು ದುಬಾರಿಯಾಗಿ ಕಂಡಿದ್ದಕ್ಕೆ ದೊಡ್ಡ ಕಾರಣ ಇದೇ. ಒಂದು ಬಾಡಿಗೆ ಮನೆ, ಇನ್ನೊಂದು ಸೈಟು ಅಂದ್ಕೊಳ್ಳಿ. ಬಾಡಿಗೆ ಮನೆಯಲ್ಲಿ ಇವತ್ತೇ ವಾಸ ಮಾಡಬಹುದು. ಸೈಟಲ್ಲಿ ಇವತ್ತು ಮಲಗೋಕೆ ಆಗಲ್ಲ.

ಐದನೇ ಪರೀಕ್ಷೆ: ತಂಡಕ್ಕೆ ಬೇಕಾಗಿದ್ದು ಯಾವುದು?

ಆರ್ಸೆನಲ್ ಮೂರು ವರ್ಷ ಸತತವಾಗಿ ಎರಡನೇ ಸ್ಥಾನ. 2025ರ ಫೆಬ್ರವರಿಯಲ್ಲಿ ಕೈ ಹಾವರ್ಟ್ಸ್ ಗಾಯಗೊಂಡ ಮೇಲೆ ಮಿಡ್‌ಫೀಲ್ಡರ್ ಮಿಕೆಲ್ ಮೆರಿನೋನನ್ನೇ ಸ್ಟ್ರೈಕರ್ ಜಾಗದಲ್ಲಿ ಆಡಿಸಬೇಕಾಯ್ತು. ಕಟ್ಟಿದ ತಂಡ, ಗೆಲ್ಲೋ ವಯಸ್ಸು, ಕೊರತೆ ಒಂದೇ. ಅವರಿಗೆ "ಮೂರು ವರ್ಷದಲ್ಲಿ ಬೆಳೀತಾನೆ" ಅನ್ನೋ ಹುಡುಗನಿಂದ ಉಪಯೋಗ ಕಮ್ಮಿ. ಅವರು ಬಾಡಿಗೆ ಮನೆ ಹಿಡಿದದ್ದು ಸರಿ.

ಲಿವರ್‌ಪೂಲ್ ಆಗ ಚಾಂಪಿಯನ್. 29 ಗೋಲ್ ಹೊಡೆದ ಮೊಹಮ್ಮದ್ ಸಲಾ ಪಕ್ಕದಲ್ಲೇ ಇದ್ದ. ಹೊಸಬ ಮೊದಲ ದಿನವೇ 25 ಗೋಲ್ ಹೊಡೆಯಬೇಕು ಅನ್ನೋ ಒತ್ತಡ ಇಲ್ಲ. ಹಿಂದೆ ಬಂದು ಚೆಂಡು ತಗೊಂಡು, ಎಡಗಡೆ ಸರಿದು, ಬೇರೆಯವರಿಗೂ ಜಾಗ ಮಾಡಿಕೊಡೋ ಹುಡುಗ ಬೇಕಿತ್ತು. ಸೆಪ್ಟೆಂಬರ್ 1ಕ್ಕೆ ನ್ಯೂಕಾಸಲ್‌ನಿಂದ ಅಲೆಕ್ಸಾಂಡರ್ ಇಸಾಕ್‌ನನ್ನೂ ತಂದರು. ಅಂದ್ರೆ ಎಕಿಟಿಕೆಯ ಬೆನ್ನಿಗೆ ಇನ್ನೊಬ್ಬ ಸ್ಟ್ರೈಕರ್.

ಯುನೈಟೆಡ್ ಸ್ಥಿತಿ ಪೂರ್ತಿ ಬೇರೆ. 2024-25ರಲ್ಲಿ 15ನೇ ಸ್ಥಾನ, 38 ಪಂದ್ಯಕ್ಕೆ ಬರೀ 44 ಗೋಲ್. ಅವಕಾಶಗಳೇ ಹುಟ್ಟದ ತಂಡ. ಅಂಥ ಕಡೆಗೆ 22ರ ಹುಡುಗನನ್ನು ತಂದು ನಿಲ್ಲಿಸಿದ್ರೆ ಏನಾಗುತ್ತೆ ಅಂತ ಊಹಿಸಬೇಕಾಗಿಲ್ಲ. ಎರಡು ವರ್ಷ ಮುಂಚೆ ಅದೇ ಕ್ಲಬ್‌ನಲ್ಲಿ ಆಗಿತ್ತು.

ಹೊಯ್ಲುಂಡ್ ಹೊತ್ತ ಭಾರ

ಡೆನ್ಮಾರ್ಕಿನ ರಾಸ್ಮಸ್ ಹೊಯ್ಲುಂಡ್ 2022ರಲ್ಲಿ ಆಸ್ಟ್ರಿಯಾದ ಸ್ಟುರ್ಮ್ ಗ್ರಾಟ್ಸ್‌ನಿಂದ ಇಟಲಿಯ ಅಟಲಾಂಟಾಗೆ ಬಂದಾಗ ಬೆಲೆ ಸುಮಾರು 17 ಮಿಲಿಯನ್ ಯೂರೋ. ಅಲ್ಲಿ ಒಂದೇ ಸೀಸನ್, ಲೀಗ್‌ನಲ್ಲಿ 32 ಪಂದ್ಯಕ್ಕೆ 9 ಗೋಲ್. 2023ರ ಆಗಸ್ಟ್‌ನಲ್ಲಿ ಯುನೈಟೆಡ್ ಕೊಟ್ಟದ್ದು 75 ಮಿಲಿಯನ್, ಬೋನಸ್ ಬೇರೆ. ಆಗ ಅವನಿಗೆ 20 ವರ್ಷ.

9 ಗೋಲ್ ಅನ್ನೋದು ಎಂಥ ಸಾಕ್ಷಿ? ಗೋಲ್‌ನಂಥ ಅಪರೂಪದ ಘಟನೆಗಳಲ್ಲಿ ಸಹಜ ಏರುಪೇರು ಸುಮಾರು ಆ ಸಂಖ್ಯೆಯ ವರ್ಗಮೂಲದಷ್ಟು. 9ರ ವರ್ಗಮೂಲ 3. ಅಂದ್ರೆ ಆಟ ಒಂಚೂರೂ ಬದಲಾಗದೆ, ಬರೀ ಅದೃಷ್ಟದಿಂದಲೇ ಅವನು 6 ಹೊಡೆದಿರಬಹುದಿತ್ತು, 12 ಹೊಡೆದಿರಬಹುದಿತ್ತು. 6 ಹೊಡೆದಿದ್ರೆ ಯಾರೂ 75 ಮಿಲಿಯನ್ ಕೊಡ್ತಿರಲಿಲ್ಲ. ಇಷ್ಟು ತೆಳುವಾದ ಸಾಕ್ಷಿ ಮೇಲೆ ನಿಂತ ಖರೀದಿ ಅದು.

ಮುಂದೇನಾಯ್ತು? ಮೊದಲ ಪ್ರೀಮಿಯರ್ ಲೀಗ್ ಗೋಲ್‌ಗೆ ಡಿಸೆಂಬರ್ 26ರವರೆಗೆ ಕಾಯಬೇಕಾಯ್ತು. ವಿಚಿತ್ರ ಅಂದ್ರೆ ಅಷ್ಟರೊಳಗೆ ಚಾಂಪಿಯನ್ಸ್ ಲೀಗ್‌ನ 6 ಗುಂಪು ಪಂದ್ಯಗಳಲ್ಲಿ 5 ಗೋಲ್ ಹೊಡೆದಿದ್ದ. ಹೊಸ ವರ್ಷದ ಆಚೀಚೆ ಸತತ ಆರು ಲೀಗ್ ಪಂದ್ಯಗಳಲ್ಲಿ ಗೋಲ್, ಅಷ್ಟು ಎಳೆಯ ವಯಸ್ಸಿಗೆ ಪ್ರೀಮಿಯರ್ ಲೀಗ್‌ನಲ್ಲಿ ಅದು ದಾಖಲೆ. ಅಂದ್ರೆ ಹುಡುಗನಲ್ಲಿ ಆಟ ಇತ್ತು. ಚೆಂಡು ತಲುಪಿದಾಗ ಹೊಡೆದ. ತಲುಪದಿದ್ದಾಗ ಮೈದಾನದ ಮಧ್ಯೆ ಒಬ್ಬನೇ ಓಡಾಡಿದ. ಜೊತೆಗಿದ್ದ ಅನುಭವಿ ಸ್ಟ್ರೈಕರ್ ಆಂತೋನಿ ಮಾರ್ಷಿಯಾಲ್ ಬಹುಕಾಲ ಗಾಯದಲ್ಲೇ ಕಳೆದು 2024ರಲ್ಲಿ ಹೊರಟ. ಮೊದಲ ವರ್ಷ ಲೀಗ್‌ನಲ್ಲಿ 10 ಹೊಡೆದವನು ಎರಡನೇ ವರ್ಷ 32 ಪಂದ್ಯಕ್ಕೆ 4ಕ್ಕೆ ಇಳಿದ.

ಐಟಿಯಲ್ಲಿರೋ ನಮಗೆ ಇದು ಗೊತ್ತಿರೋ ಕಥೆಯೇ. ಕಾಲೇಜು ಮುಗಿಸಿ ಬಂದ ಜಾಣ ಹುಡುಗನನ್ನು ಮೊದಲ ತಿಂಗಳೇ ಪ್ರೊಡಕ್ಷನ್ ಸಪೋರ್ಟ್‌ಗೆ ಹಾಕ್ತಾರೆ. ಕೇಳೋಕೆ ಸೀನಿಯರ್ ಇಲ್ಲ, ಡಾಕ್ಯುಮೆಂಟ್ ಇಲ್ಲ, ರಾತ್ರಿ ಎರಡಕ್ಕೆ ಸರ್ವರ್ ಬಿದ್ರೆ ಅವನೇ ಹೊಣೆ. ಆರು ತಿಂಗಳಾದ ಮೇಲೆ "ಇವನಿಗೆ ಕೈಲಾಗಲ್ಲ" ಅಂತ ರೇಟಿಂಗ್. ಕೈಲಾಗದವನು ಅವನಾ, ಕೆಲಸ ಹಂಚಿದವರಾ?

2025ರ ಸೆಪ್ಟೆಂಬರ್‌ನಲ್ಲಿ, ಶೆಷ್ಕೋ ಬಂದ ಕೆಲವೇ ವಾರದಲ್ಲಿ, ಹೊಯ್ಲುಂಡ್ ಲೋನ್ ಮೇಲೆ ನಾಪೋಲಿಗೆ ಹೋದ. ಷರತ್ತು ಪೂರೈಸಿದ್ರೆ ಕೊಳ್ಳಲೇಬೇಕಾದ ಬೆಲೆ 44 ಮಿಲಿಯನ್ ಅಂತ ಸುದ್ದಿಯಾಯ್ತು. ನಾಲ್ಕನೇ ಪರೀಕ್ಷೆ ನೆನಪು ಮಾಡ್ಕೊಳ್ಳಿ. 75 ಮಿಲಿಯನ್ ಐದು ವರ್ಷಕ್ಕೆ, ವರ್ಷಕ್ಕೆ 15, ಎರಡು ವರ್ಷ ಕಳೆದ್ರೆ ಉಳಿಯೋದು 45. 44 ಎಲ್ಲಿಂದ ಬಂತು ಅಂತ ಈಗ ಊಹಿಸಬಹುದು. ಪುಸ್ತಕದಲ್ಲಿ ನಷ್ಟ ಕಾಣದ ಹಾಗೆ ಲೆಕ್ಕ ಸರಿಹೋಗುತ್ತೆ. ಆದ್ರೆ 20ರಿಂದ 22ರ ತನಕದ, ಕಲಿಯಬೇಕಾದ ಎರಡು ವರ್ಷ ಆ ಹುಡುಗನಿಗೆ ಯಾರೂ ವಾಪಸ್ ಕೊಡಲ್ಲ.

ಇದರ ಪಕ್ಕ ಇನ್ನೊಂದು ಖರೀದಿ ಇಟ್ಟು ನೋಡಿ. ಅದೇ 2023ರ ಬೇಸಿಗೆಯಲ್ಲಿ ಬಯರ್ನ್ ಮ್ಯೂನಿಕ್ 30 ವರ್ಷದ ಹ್ಯಾರಿ ಕೇನ್‌ಗೆ ಸುಮಾರು 100 ಮಿಲಿಯನ್ ಯೂರೋ ಕೊಟ್ಟಿತು. ಮರುಮಾರಾಟದ ಬೆಲೆ ಹೆಚ್ಚೂಕಡಿಮೆ ಸೊನ್ನೆ. ಮೊದಲ ಲೀಗ್ ಸೀಸನ್‌ನಲ್ಲೇ 32 ಪಂದ್ಯಕ್ಕೆ 36 ಗೋಲ್. "ಎಳೆಯ ಆಟಗಾರ ಅಂದ್ರೆ ಹೂಡಿಕೆ, ವಯಸ್ಸಾದವನು ಅಂದ್ರೆ ಖರ್ಚು" ಅನ್ನೋ ಲೆಕ್ಕ ಯಾವಾಗಲೂ ನಿಲ್ಲಲ್ಲ.

ಹಾಗಾದ್ರೆ ನಾನಾಗಿದ್ರೆ?

ವಿಡಿಯೋದಲ್ಲೂ ಕೇಳಿದ್ರಿ, ನೇರವಾಗಿ ಹೇಳ್ತೀನಿ. ಮೂವರಲ್ಲಿ "ಅತ್ಯುತ್ತಮ ಸ್ಟ್ರೈಕರ್ ಯಾರು" ಅನ್ನೋ ಪ್ರಶ್ನೆಗೆ ಉತ್ತರ ಇಲ್ಲ, ಯಾಕಂದ್ರೆ ಪ್ರಶ್ನೆಯೇ ಸರಿಯಿಲ್ಲ. ಯಾವ ಕ್ಲಬ್‌ಗೆ, ಯಾವ ವರ್ಷಕ್ಕೆ, ಯಾವ ಬೆಲೆಗೆ ಅಂತ ಕೇಳಬೇಕು. ಈ ವರ್ಷವೇ ಕಪ್ ಬೇಕು, ಉಳಿದ ಹತ್ತು ಜನ ಸಿದ್ಧರಿದ್ದಾರೆ ಅಂದ್ರೆ ಯೋಕೆರೆಸ್. ಐದು ವರ್ಷಕ್ಕೆ ಕಟ್ಟಬೇಕು, ಸೋತ್ರೂ ಪೂರ್ತಿ ಮುಳುಗಬಾರದು ಅಂದ್ರೆ ಎಕಿಟಿಕೆ, ಅವಕಾಶ ಹುಟ್ಟಿಸೋ ಗುಣ ಅವನಲ್ಲಿ ಎಲ್ಲರಿಗಿಂತ ಗಟ್ಟಿ. 2025ರ ಜನವರಿಯಲ್ಲಿ ಜೊತೆಗಾರ ಒಮರ್ ಮಾರ್ಮುಶ್ ಮ್ಯಾಂಚೆಸ್ಟರ್ ಸಿಟಿಗೆ ಹೋದ ಮೇಲೂ ಫ್ರಾಂಕ್‌ಫರ್ಟ್‌ನ ಆಕ್ರಮಣ ಹೊತ್ತದ್ದು ಅವನೇ. ಶೆಷ್ಕೋ ಈ ಮೂವರಲ್ಲಿ ಎಲ್ಲಿಯವರೆಗೂ ಬೆಳೆಯಬಲ್ಲವನು. ಆದ್ರೆ ಅವನನ್ನು ಕೊಳ್ಳೋ ಕ್ಲಬ್ ಪಕ್ಕದಲ್ಲಿ ಒಬ್ಬ ಅನುಭವಿಯನ್ನೂ ಹಿಂದೆ ಚೆಂಡು ಕೊಡೋರನ್ನೂ ಇಟ್ಟಿರಬೇಕು. ಆ ಬೇಸಿಗೆ ಯುನೈಟೆಡ್ ಮತೇವುಸ್ ಕುನ್ಯಾ, ಬ್ರಯನ್ ಎಂಬ್ಯೂಮೋ ಇಬ್ಬರನ್ನೂ ತಂದದ್ದು ಎರಡನೇ ಅರ್ಧಕ್ಕೆ ಉತ್ತರ. ಮೊದಲ ಅರ್ಧಕ್ಕೆ ಉತ್ತರ ಇರಲಿಲ್ಲ.

ಬೆಂಗಳೂರು ಎಫ್‌ಸಿ ಅಭಿಮಾನಿಗಳು "ನಮ್ಮ ಕಡೆ ಏನು?" ಅಂತ ಕೇಳ್ತೀರಿ, ಗೊತ್ತು. 2024-25ರ ಐಎಸ್‌ಎಲ್‌ನಲ್ಲಿ ಭಾರತೀಯರ ಪೈಕಿ ಹೆಚ್ಚು ಗೋಲ್ ಹೊಡೆದವನು 40 ವರ್ಷದ ಸುನಿಲ್ ಛೆಟ್ರಿ, 14 ಗೋಲ್. ಅದು ಛೆಟ್ರಿಯ ದೊಡ್ಡಸ್ತಿಕೆ, ನಮ್ಮ ಫುಟ್‌ಬಾಲ್‌ನ ಚಿಂತೆ. ಹೆಚ್ಚಿನ ಕ್ಲಬ್‌ಗಳು ಸ್ಟ್ರೈಕರ್ ಜಾಗಕ್ಕೆ ವಿದೇಶಿಯರನ್ನು ತರ್ತವೆ, ನಮ್ಮ ಹುಡುಗರಿಗೆ ಸಿಗೋದು ಕಡೇ ಕೆಲವು ನಿಮಿಷ. ಹೋಲಿಸೋಣ ಅಂದ್ರೂ ಹೋಲಿಸೋಕೆ ಬೇಕಾದಷ್ಟು ನಿಮಿಷಗಳೇ ಇಲ್ಲ. ಆಡಿಸದೆ ಅಳೆಯೋದು ಹೇಗೆ?

ಮುಂದಿನ ಸಲ ನಿಮ್ಮ ಗುಂಪಲ್ಲಿ ಯಾರಾದ್ರೂ ಒಂದು ಹೊಸ ಹೆಸರು ತಂದು "ಇವನು ಇಷ್ಟು ಹೊಡೆದಿದ್ದಾನೆ" ಅಂದ್ರೆ ಐದು ಪ್ರಶ್ನೆ ಕೇಳಿ. ಪೆನಾಲ್ಟಿ ಎಷ್ಟು, ನಿಮಿಷ ಎಷ್ಟು? ಅವಕಾಶ ಎಷ್ಟು? ಗೋಲ್ ಬಂದದ್ದು ಹೇಗೆ? ಒಪ್ಪಂದ ಮುಗಿಯೋವಾಗ ವಯಸ್ಸೆಷ್ಟು? ಅವನಿಗೆ ಚೆಂಡು ಕೊಡೋರು ಯಾರು? ಐದನೇದನ್ನು ಮಾತ್ರ ಮರೀಬೇಡಿ, ಹೊಯ್ಲುಂಡ್ ವಿಷಯದಲ್ಲಿ ಕೇಳದೇ ಬಿಟ್ಟದ್ದು ಅದನ್ನೇ.

ನಿಮ್ಮ ಕ್ಲಬ್‌ಗೆ ಈ ಮೂವರಲ್ಲಿ ಯಾರು ಹೊಂದ್ತಾರೆ, ಯಾಕೆ ಅಂತ ಕಾರಣ ಸಮೇತ ಬರೆದು ಕಳಿಸಿ. ಬರೀ ಹೆಸರು ಬೇಡ. ಚೆನ್ನಾಗಿರೋ ವಾದಗಳನ್ನು ಮುಂದಿನ ವಾರ ಓದಿ ಹೇಳ್ತೀನಿ. ಅಲ್ಲಿವರೆಗೂ ನಮಸ್ಕಾರ.